ಪಾಸ್‌ಕೋಡ್ ಸರಿಯಿದೆ, ರೆಕಾರ್ಡಿಂಗ್ ತೆರೆಯುತ್ತಿಲ್ಲ

ನಮಸ್ಕಾರ. ಅಡಿಕೆಯ ಕೊಳೆ ರೋಗದ ಬಗ್ಗೆ ಝೂಮ್‌ನಲ್ಲಿ ತರಬೇತಿ ಇರುವ ದಿನವೇ ಶಿರಸಿ ಕಡೆ ಕರೆಂಟು ಹೋಗಿರುತ್ತದೆ. ಮರುದಿನ ವಾಟ್ಸಾಪ್ ಗುಂಪಿಗೆ ರೆಕಾರ್ಡಿಂಗಿನ ಲಿಂಕು, ಪಾಸ್‌ಕೋಡು ಬರುತ್ತದೆ. ಹಾಕಿದರೆ ತಪ್ಪು ಅನ್ನುತ್ತದೆ.

ಮೊದಲು, ಅದು ಯಾವ ಪಾಸ್‌ಕೋಡು ನೋಡಿ. ಸಭೆಗೆ ಸೇರುವುದಕ್ಕೆ ಕೊಟ್ಟದ್ದು ಬೇರೆ, ರೆಕಾರ್ಡಿಂಗಿನದು ಬೇರೆ. ಸಭೆಯದು ಹೆಚ್ಚಾಗಿ ಬರೀ ಅಂಕಿ. ರೆಕಾರ್ಡಿಂಗಿನದರಲ್ಲಿ ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ಚಿಹ್ನೆ ಎಲ್ಲ ಕಲಸಿರುತ್ತದೆ.

ಆ ಚಿಹ್ನೆಯಲ್ಲೇ ಇರುವುದು ಕಿತಾಪತಿ. ಎಂಟಕ್ಷರದ ಪಾಸ್‌ಕೋಡಿನ ತಲೆಗೂ ಬಾಲಕ್ಕೂ ಸ್ಟಾರ್ ಚಿಹ್ನೆ ಇದೆ ಅಂತಿಟ್ಟುಕೊಳ್ಳಿ. ವಾಟ್ಸಾಪ್‌ಗೆ ಅದು ‘ನಡುವಿನದನ್ನು ದಪ್ಪ ಅಕ್ಷರ ಮಾಡು’ ಎಂಬ ಸೂಚನೆ. ಎರಡೂ ಸ್ಟಾರ್ ಮಾಯ, ತೆರೆಯ ಮೇಲೆ ಉಳಿಯುವುದು ಆರೇ ಅಕ್ಷರ. ನೋಡಿಕೊಂಡು ಟೈಪ್ ಮಾಡಿದವರಿಗೆ ನೂರು ಸಲ ಹಾಕಿದರೂ ಬಾಗಿಲು ತೆರೆಯದು. ಹಾಗೆಯೇ ಎರಡೂ ತುದಿಗೆ ಅಂಡರ್‌ಸ್ಕೋರ್ (ಕೆಳಗೀಟು) ಇದ್ದರೆ ಅಕ್ಷರ ಓರೆಯಾಗುತ್ತದೆ. ಹಾಗಾಗಿ ಪಾಸ್‌ಕೋಡು ಮಾತ್ರ ದಪ್ಪಗೋ ಓರೆಯಾಗಿಯೋ ಕಂಡರೆ, ಕಳಿಸಿದವರಿಗೆ ಫೋನ್ ಮಾಡಿ ಒಟ್ಟು ಎಷ್ಟು ಅಕ್ಷರ ಎಂದು ಕೇಳಿ. ಸೊನ್ನೆ ಮತ್ತು ಇಂಗ್ಲಿಷಿನ ಓ, ಒಂದು ಮತ್ತು ಸಣ್ಣ ಎಲ್, ಇವನ್ನೂ ಆಗಲೇ ಕೇಳಿಬಿಡಿ.

ಕಾಪಿ ಮಾಡುವವರಿಗೆ ಬೇರೆ ತೊಂದರೆ. ಸಂದೇಶವನ್ನು ಒತ್ತಿ ಹಿಡಿದು ಕಾಪಿ ಮಾಡಿದರೆ ಲಿಂಕು, ‘ಎಲ್ಲರಿಗೂ ನಮಸ್ಕಾರ’, ಎಲ್ಲ ಸೇರಿಯೇ ಬರುತ್ತದೆ. ಕೊನೆಯಲ್ಲೊಂದು ಖಾಲಿ ಜಾಗ ಅಂಟಿಕೊಂಡರೂ ತಪ್ಪಾದೀತು. ಸಂಘದ ಕಾರ್ಯದರ್ಶಿಗಳು ಪಾಸ್‌ಕೋಡೊಂದನ್ನೇ ಪ್ರತ್ಯೇಕ ಸಂದೇಶವಾಗಿ ಕಳಿಸಿದರೆ ಅರ್ಧ ಫೋನ್ ಕರೆ ಉಳಿಯುತ್ತದೆ. ಇನ್ನೂ ಒಳ್ಳೆಯದೆಂದರೆ, ಝೂಮ್ ಸೆಟ್ಟಿಂಗಿನಲ್ಲಿ ಪಾಸ್‌ಕೋಡನ್ನು ಲಿಂಕಿನೊಳಗೇ ಸೇರಿಸುವ ಆಯ್ಕೆ ಇದೆ. ಅದನ್ನು ಆನ್ ಮಾಡಿದರೆ ಯಾರೂ ಏನೂ ಟೈಪ್ ಮಾಡಬೇಕಿಲ್ಲ. ಗುಟ್ಟಿನ ಸಭೆಗೆ ಮಾತ್ರ ಅದು ಬೇಡ, ಲಿಂಕು ಸಿಕ್ಕಿದವರೆಲ್ಲ ನೋಡಬಹುದು.

ಲಿಂಕು ಕೊನೆಯವರೆಗೂ ನೀಲಿಯಾಗಿದೆಯೇ? ನಡುವೆ ಕಪ್ಪಾಗಿದ್ದರೆ ತುಂಡಾಗಿದೆ ಎಂದರ್ಥ, ಮತ್ತೆ ತರಿಸಿಕೊಳ್ಳಿ.

ಪಾಸ್‌ಕೋಡ್ ಕೇಳುವ ಬದಲು ಸೈನ್ ಇನ್ ಆಗಿ ಎಂದರೆ ಅದು ಅನುಮತಿಯ ಪ್ರಶ್ನೆ. ಸಭೆ ಕರೆದವರು ಸೈನ್ ಇನ್ ಆದವರಿಗಷ್ಟೇ, ಅಥವಾ ತಮ್ಮ ಸಂಸ್ಥೆಯ ಇಮೇಲ್ ಇದ್ದವರಿಗಷ್ಟೇ ಎಂದು ಕಟ್ಟುಹಾಕಿರುತ್ತಾರೆ. ಗೂಗಲ್ ಮೀಟ್‌ನದು ಇನ್ನೊಂದು ಬಗೆ. ಅಲ್ಲಿ ರೆಕಾರ್ಡಿಂಗು ಸಭೆ ಕರೆದವರ ಗೂಗಲ್ ಡ್ರೈವ್‌ಗೆ ಹೋಗಿ ಕೂರುತ್ತದೆ, ಪಾಸ್‌ಕೋಡೇ ಇಲ್ಲ, ಸಾಮಾನ್ಯವಾಗಿ ಯಾರ ಇಮೇಲಿಗೆ ಅನುಮತಿ ಕೊಟ್ಟಿದ್ದಾರೋ ಅವರಿಗೆ ಮಾತ್ರ ತೆರೆಯುತ್ತದೆ. ನಮ್ಮಲ್ಲಿ ಎಷ್ಟೋ ಹಿರಿಯರ ಮೊಬೈಲಿನಲ್ಲಿ ಬೆಂಗಳೂರಿನ ಮಗನ ಜಿಮೇಲ್ ಇರುತ್ತದೆ. ಅನುಮತಿ ಅಪ್ಪನ ಹೆಸರಿಗೆ, ಫೋನ್ ಮಗನ ಹೆಸರಿಗೆ! ಮೇಲೆ ಬಲಗಡೆಯ ಗುಂಡು ಚಿತ್ರ ಒತ್ತಿ ಖಾತೆ ಬದಲಿಸಿ.

ಪಾಸ್‌ಕೋಡ್ ಒಪ್ಪಿಕೊಂಡು ಚಕ್ರ ಮಾತ್ರ ತಿರುಗುತ್ತಿದ್ದರೆ ಅದು ನೆಟ್‌ವರ್ಕಿನ ಕಥೆ. ದೇವಿಮನೆ ಘಟ್ಟದಲ್ಲಿ ಕೂತು ಪಾಸ್‌ಕೋಡನ್ನು ಬೈದು ಪ್ರಯೋಜನವಿಲ್ಲ.

ಸಭೆ ಮುಗಿದ ತಕ್ಷಣ ಹುಡುಕಿದರೂ ಸಿಗದು. ಝೂಮ್ ಒಂದು ತಾಸಿನ ಸಭೆಯನ್ನು ಸಿದ್ಧಮಾಡಲು ಸಾಮಾನ್ಯವಾಗಿ ಎರಡು ತಾಸು ತೆಗೆದುಕೊಳ್ಳುತ್ತದೆ, ಒಮ್ಮೊಮ್ಮೆ ಇಡೀ ದಿನ. ತೀರಾ ತಡವಾದರೆ ಲಿಂಕಿನ ಅವಧಿಯೇ ಮುಗಿದಿರಬಹುದು, ಅಥವಾ ಜಾಗ ಸಾಲದೆ ಅಳಿಸಿರಬಹುದು. ಅಳಿಸಿದ್ದು ಝೂಮ್‌ನ ಕಸದಬುಟ್ಟಿಯಲ್ಲಿ 30 ದಿನ ಇರುತ್ತದೆ. ಅಷ್ಟರೊಳಗೆ ಕೇಳಿದರೆ ಕಾರ್ಯದರ್ಶಿಗಳು ವಾಪಸ್ ತೆಗೆದುಕೊಟ್ಟಾರು.