ಪಾಪರ್ ಆಗೋಕೆ ಮುಂಚೆ ಇನ್ನೊಂದು ದಾರಿ ಇದೆ

ಕೇಳುಗರಿಗೆಲ್ಲಾ ನಮಸ್ಕಾರ. ಸಾಲದಲ್ಲಿ ಸಿಕ್ಕಾಕೊಂಡೋರ ಜೊತೆ ಕೂತು ಲೆಕ್ಕ ಬರೆಸೋದು ನನ್ನ ಕೆಲಸ. ಮೊದಲನೇ ದಿನ ಬಹಳ ಜನ ಒಂದು ಚೀಲ ಹಿಡ್ಕೊಂಡು ಬರ್ತಾರೆ, ಅದರ ತುಂಬಾ ಒಡೆಯದೇ ಇರೋ ಲಕೋಟೆಗಳು. ಒಬ್ಬರು ಹೀಗೇ ಬಂದು ಕೂತ್ರು, ಉಲ್ಟಾ ಮಾಡಿ ಇಟ್ಟಿದ್ದ ಫೋನ್ ಮೇಜಿನ ಮೇಲೆ ಗುಂಯ್ ಗುಂಯ್ ಅಂತಾನೇ ಇತ್ತು, ಅವರು ಅದರ ಕಡೆ ತಿರುಗಿಯೂ ನೋಡ್ಲಿಲ್ಲ. ಕೇಳಿದ್ದು ಒಂದೇ ಮಾತು, "ಮೇಡಂ, ಪಾಪರ್ ಆಗೋದೊಂದೇನಾ ನಮಗೆ ಉಳಿದಿರೋದು?"

ಅಲ್ಲ. ನಡುವೆ ಇನ್ನೊಂದು ದಾರಿ ಇದೆ, ಅದು ಕಾನೂನಿನ ಪ್ರಕಾರ ಮಾಡ್ಕೊಳ್ಳೋ ಸಾಲ ಮರುಪಾವತಿ ಒಪ್ಪಂದ. ಬ್ಯಾಂಕಿನವರ ಹತ್ರ ಫೋನಲ್ಲಿ ಗೋಗರೆದು ಎರಡು ತಿಂಗಳು ಟೈಮ್ ತಗೊಳ್ಳೋದಲ್ಲ ಇದು. ನಿಮ್ಮ ಸಾಲಗಳನ್ನೆಲ್ಲಾ ಒಂದೇ ಕಡೆ ಸೇರಿಸಿ, ತಿಂಗಳಿಗೆ ಇಷ್ಟು, ಇಷ್ಟು ವರ್ಷ ಕಟ್ತೀನಿ ಅಂತ ಬರೆದುಕೊಡ್ತೀರಿ, ಸಾಲ ಕೊಟ್ಟೋರು ಓಟು ಹಾಕ್ತಾರೆ, ಬಹುಮತ ಬಂದ್ರೆ ಬೇಡ ಅಂದೋರೂ ಅದಕ್ಕೆ ಬದ್ಧರಾಗ್ಬೇಕು. ಒಪ್ಪಿದ ಕಂತುಗಳನ್ನ ಪೂರ್ತಿ ಕಟ್ಟಿ ಮುಗಿಸಿದ್ರೆ ಅದರಲ್ಲಿ ಸೇರಿದ ಸಾಲದ ಬಾಕಿ ಮನ್ನಾ.

ಇಂಗ್ಲೆಂಡಲ್ಲಿ 1986ರ ಇನ್‌ಸಾಲ್ವೆನ್ಸಿ ಕಾಯ್ದೆಯಿಂದ, ಅಂದ್ರೆ ದಿವಾಳಿ ಕಾಯ್ದೆಯಿಂದ ಇದು ಬಂತು, ಐವಿಎ, ಅಂದ್ರೆ ಇಂಡಿವಿಜುವಲ್ ವಾಲಂಟರಿ ಅರೇಂಜ್‌ಮೆಂಟ್ ಅಂತಾರೆ, ಓಟು ಹಾಕಿದೋರಿಗೆ ಬರಬೇಕಾದ ಸಾಲದ ಮೊತ್ತದಲ್ಲಿ ಶೇಕಡಾ 75ರಷ್ಟು ಒಪ್ಪಿಗೆ ಬೇಕು, ಸಾಮಾನ್ಯವಾಗಿ 5-6 ವರ್ಷ ನಡೆಯುತ್ತೆ. ಕೆನಡಾದಲ್ಲಿ ಕನ್ಸ್ಯೂಮರ್ ಪ್ರಪೋಸಲ್, ಹೆಚ್ಚಂದ್ರೆ 5 ವರ್ಷ. ಆಸ್ಟ್ರೇಲಿಯಾದಲ್ಲಿ ಡೆಟ್ ಅಗ್ರಿಮೆಂಟ್, ಸಾಮಾನ್ಯವಾಗಿ 3 ವರ್ಷ, ಸ್ವಂತ ಮನೆ ಇರೋರಿಗೆ 5ರ ತನಕ.

ಸಾಲ ಕೊಟ್ಟೋರು ಯಾಕೆ ಒಪ್ತಾರೆ? ನೀವು ಪಾಪರ್ ಆದ್ರೆ ಅವರಿಗೆ ನೂರಕ್ಕೆ ಹತ್ತು ಸಿಗೋದೂ ಕಷ್ಟ ಅನ್ನೋ ಹಾಗಿದ್ದಾಗ, ಒಪ್ಪಂದದಲ್ಲಿ ನಲವತ್ತು ಸಿಗುತ್ತೆ ಅಂದ್ರೆ ಬಿಡ್ತಾರಾ.

ಆದ್ರೆ ಎಲ್ಲಾ ನಿಂತಿರೋದು ಆ ತಿಂಗಳ ಕಂತಿನ ಮೇಲೆ, ಇವತ್ತು ನಾನು ಹೇಳೋಕೆ ಬಂದಿರೋದೇ ಅದನ್ನ. ಫೋನ್ ಉಲ್ಟಾ ಇಟ್ಟಿದ್ದ ಆ ಮನುಷ್ಯ ನಾಚಿಕೆಗೋ ಹೆದರಿಕೆಗೋ ಬಹಳ ದೊಡ್ಡ ಕಂತು ಬರೆದಿದ್ರು, ಖರ್ಚಿನ ಪಟ್ಟೀಲಿ ಚಪ್ಪಲಿ ಇಲ್ಲ, ಹಲ್ಲಿನ ಡಾಕ್ಟ್ರು ಇಲ್ಲ, ಕನ್ನಡಕದ ಮುಂದೆ ಸೊನ್ನೆ. ಅವರು ಹಾಕ್ಕೊಂಡಿದ್ದ ಕನ್ನಡಕದ ಕಾಲಿಗೆ ದಾರ ಸುತ್ತಿತ್ತು. ಐದು ವರ್ಷ ಆ ದಾರ ತಡ್ಕೊಳ್ಳುತ್ತಾ ಅಂತ ಕೇಳ್ದೆ. ಸ್ವಲ್ಪ ಹೊತ್ತು ಸುಮ್ನಿದ್ರು, ಆಮೇಲೆ ಸೊನ್ನೆ ಹೊಡೆದು ಹಾಕಿ ಒಂದು ಮೊತ್ತ ಬರೆದ್ರು, ಕಂತು ಇಳೀತು. ಆ ಇಳಿದ ಕಂತಿಗೇ ಒಪ್ಪಿಗೆ ಸಿಕ್ತು.

ಇದರಲ್ಲಿ ತೊಂದರೆಗಳೂ ಇವೆ, ಮುಚ್ಚಿಡಬಾರದು. ನಿಮ್ಮ ಹೆಸರು ಸರ್ಕಾರದ ರಿಜಿಸ್ಟರ್‌ಗೆ ಹೋಗುತ್ತೆ, ಇಂಗ್ಲೆಂಡಲ್ಲಾದ್ರೆ ಕ್ರೆಡಿಟ್ ರಿಪೋರ್ಟಲ್ಲಿ 6 ವರ್ಷ ಇರುತ್ತೆ. ಮನೆ ಅಡ ಇಟ್ಟು ತಗೊಂಡ ಸಾಲ ಸಾಮಾನ್ಯವಾಗಿ ಇದರೊಳಗೆ ಬರಲ್ಲ. ಮುಖ್ಯವಾಗಿ ಜಾಮೀನು ಹಾಕಿದ ಅಣ್ಣನೋ ಸ್ನೇಹಿತನೋ ಇದ್ರೆ, ಒಪ್ಪಂದ ಸಾಮಾನ್ಯವಾಗಿ ಕಾಪಾಡೋದು ನಿಮ್ಮನ್ನ ಮಾತ್ರ, ಸಾಲ ಕೊಟ್ಟೋರು ಅವರ ಬಾಗಿಲಿಗೆ ಹೋಗ್ಬಹುದು, ಸಹಿ ಹಾಕೋಕೆ ಮುಂಚೆ ಅವರಿಗೆ ಹೇಳಿ. ಒಪ್ಪಂದ ಮಾಡಿಸೋರ ಫೀಸು ಕೂಡ ಹೆಚ್ಚಾಗಿ ನಿಮ್ಮ ಕಂತಲ್ಲೇ ಹೋಗುತ್ತೆ, ಅದಕ್ಕೇ ಎಲ್ಲರಿಗೂ ಇದೇ ಬೆಸ್ಟ್ ಅನ್ನೋರನ್ನ ನಾನು ನಂಬಲ್ಲ. ಆಸ್ತಿ ಏನೂ ಇಲ್ಲ, ಆದಾಯ ಊಟಕ್ಕೇ ಸಾಲಲ್ಲ ಅನ್ನೋರಿಗೆ ದಿವಾಳಿ ಅರ್ಜಿಯೇ ಹಗುರ ಆಗ್ಬಹುದು, ಇಂಗ್ಲೆಂಡಲ್ಲಿ ಅದರಿಂದ ಸಾಮಾನ್ಯವಾಗಿ 12 ತಿಂಗಳಿಗೆ ಬಿಡುಗಡೆ. ಅದರಲ್ಲಿ ನಾಚಿಕೆ ಪಡೋಂಥದ್ದು ಏನೂ ಇಲ್ಲ.

ಇನ್ನು ನಡುವೆ ಕೆಲಸ ಹೋದ್ರೆ, ಕಂತು ತಪ್ಪೋ ತನಕ ಕಾಯ್ಬೇಡಿ. ಕೆನಡಾದಲ್ಲಿ ಮೂರು ತಿಂಗಳ ಕಂತು ಬಾಕಿ ಆದ್ರೆ ಒಪ್ಪಂದವೇ ರದ್ದಾಗುತ್ತೆ, ಹಳೇ ಸಾಲ ಮತ್ತೆ ಎದ್ದು ಕೂರುತ್ತೆ. ಮುಂಚೇನೇ ತಿಳಿಸಿದ್ರೆ ಹೊಸ ಕಂತು ಕೇಳೋಕೆ ಅವಕಾಶ ಇರುತ್ತೆ. ಆ ಕನ್ನಡಕದವರು ಎರಡನೇ ವರ್ಷ ಓವರ್‌ಟೈಮ್ ನಿಂತಾಗ ಅದೇ ವಾರ ಫೋನ್ ಮಾಡಿದ್ರು, ಮತ್ತೆ ಕೂತು ಪಟ್ಟಿ ಬರೆದ್ವಿ. ಈ ಸಲ ನಾನೇನೂ ಕೇಳ್ಬೇಕಾಗ್ಲಿಲ್ಲ, ಚಪ್ಪಲಿ, ಹಲ್ಲು, ಕನ್ನಡಕ ಎಲ್ಲದರ ಮುಂದೂ ಅವರೇ ಮೊತ್ತ ತುಂಬಿದ್ರು.