ಮೇಲಧಿಕಾರಿ ತನ್ನ ದೇವರ ಮಾತು ಆಡಬಹುದೇ?

ಕೇಳುಗರಿಗೆಲ್ಲ ನಮಸ್ಕಾರ.

ಆಷಾಢ ಶುಕ್ರವಾರ ಬಂತೆಂದರೆ ಮೈಸೂರಿನ ಆಫೀಸುಗಳಲ್ಲಿ ಚಾಮುಂಡಿ ಬೆಟ್ಟದ ಪ್ರಸಾದ ಕೈಯಿಂದ ಕೈಗೆ ಓಡಾಡುತ್ತದೆ. ರಂಜಾನ್ ಆದ ಮೇಲೆ ಯಾರಾದರೊಬ್ಬರು ಡಬ್ಬಿಯಲ್ಲಿ ಶಾವಿಗೆ ಪಾಯಸ ತರುತ್ತಾರೆ. ಡಿಸೆಂಬರಿನಲ್ಲಿ ಕೇಕು. ಅದೇ ಹೊತ್ತಿಗೆ ಮಾಲೆ ಹಾಕಿದ ಅಯ್ಯಪ್ಪ ಸ್ವಾಮಿಗಳು ಕಪ್ಪು ಬಟ್ಟೆಯಲ್ಲಿ, ಬರಿಗಾಲಲ್ಲಿ ಡ್ಯೂಟಿಗೆ ಬರುತ್ತಾರೆ. ಕೆಲಸದ ಜಾಗಕ್ಕೆ ದೇವರನ್ನು ತರಬೇಡಿ ಎಂದು ಯಾರು ಬೋರ್ಡು ಹಾಕಿದರೂ ನಮ್ಮ ಕಡೆ ಅದು ನಡೆಯುವುದಿಲ್ಲ. ನಡೆಯಬೇಕು ಅಂತ ನನಗೂ ಅನಿಸುವುದಿಲ್ಲ. ಹಂಚಿ ತಿನ್ನುವುದು ಒಳ್ಳೆಯದೇ.

ಆದರೆ ಇವತ್ತು ನಾನು ಮಾತಾಡಬೇಕೆಂದಿರುವುದು ಆ ಆಫೀಸಿನಲ್ಲಿ ಕೂತಿರುವ ಒಬ್ಬರ ಬಗ್ಗೆ ಮಾತ್ರ. ರಜೆ ಅರ್ಜಿಗೆ ಸಹಿ ಹಾಕುವವರು, ಯಾರಿಗೆ ಯಾವ ಶಿಫ್ಟ್ ಎಂದು ಬರೆಯುವವರು, ಇನ್‌ಕ್ರಿಮೆಂಟ್‌ಗೆ ಹೆಸರು ಕಳಿಸುವವರು. ಮ್ಯಾನೇಜರ್ ಅನ್ನಿ, ಸೂಪರ್‌ವೈಸರ್ ಅನ್ನಿ, ಟೀಮ್ ಲೀಡ್ ಅನ್ನಿ. ಅವರು ತಮ್ಮ ನಂಬಿಕೆಯ ವಿಷಯವನ್ನು ಕೈಕೆಳಗಿನವರ ಜೊತೆ ಹಂಚಿಕೊಳ್ಳಬೇಕೇ, ಬೇಡವೇ?

ನಾನು ಕಾರ್ಖಾನೆಗಳ ಪರ್ಸನಲ್ ವಿಭಾಗದಲ್ಲಿ, ಅಂದರೆ ಕೆಲಸಗಾರರ ಹಾಜರಿ, ರಜೆ, ದೂರು ನೋಡುವ ಕಡೆ, ಕೆಲಸ ಮಾಡಿದವನು. ಟೈಂ ಆಫೀಸ್ ಎಂದರೆ ಕಾರ್ಮಿಕರಿಗೆ ಬೇಗ ಅರ್ಥವಾಗುತ್ತದೆ. ಅಲ್ಲಿಗೆ ಬರುವವರು ಹೇಳುವುದಕ್ಕಿಂತ ಹೇಳದೆ ಬಿಡುವುದೇ ಜಾಸ್ತಿ. ಹಾಗೆ ಬಂದ ಒಬ್ಬರ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ.

ಅವರ ವಿಭಾಗದ ಮುಖ್ಯಸ್ಥರು ಬಹಳ ಒಳ್ಳೆಯ ಮನುಷ್ಯ. ಒಬ್ಬ ಗುರುಗಳ ಧ್ಯಾನ ಶಿಬಿರಕ್ಕೆ ಹೋಗಿ ಬಂದಿದ್ದರು. ಹೋಗಿ ಬಂದ ಮೇಲೆ ಅವರ ಕೋಪ ಇಳಿದಿತ್ತು, ನಿದ್ದೆ ಚೆನ್ನಾಗಿ ಬರುತ್ತಿತ್ತು. ತನಗೆ ಸಿಕ್ಕಿದ ನೆಮ್ಮದಿ ತನ್ನ ಹುಡುಗರಿಗೂ ಸಿಗಲಿ ಎಂದು ಅವರಿಗೆ ಆಸೆ. ಟೀ ಕುಡಿಯುವಾಗ ಹೇಳಿದರು. ವಾಟ್ಸಾಪ್ ಗುಂಪಿಗೆ ಗುರುಗಳ ಮಾತು ಕಳಿಸಿದರು. ಇಬ್ಬರು ಮೂವರು ಹೋಗಿ ಬಂದರು. ಬಂದವರಿಗೂ ಅವರಿಗೂ ಮಾತಾಡಲು ಒಂದು ವಿಷಯ ಸಿಕ್ಕಿತು. ಅವರು ಸಾಹೇಬರ ಕೋಣೆಯಲ್ಲಿ ಸ್ವಲ್ಪ ಹೊತ್ತು ಜಾಸ್ತಿ ಕೂರತೊಡಗಿದರು. ಇಷ್ಟೇ ಆಗಿದ್ದು.

ಟೈಂ ಆಫೀಸಿಗೆ ಬಂದವರು ಕೇಳಿದ್ದು ಒಂದೇ ಪ್ರಶ್ನೆ. "ಸಾರ್, ಆ ಶಿಬಿರಕ್ಕೆ ಹೋಗ್ಲಿಲ್ಲ ಅಂದ್ರೆ ಏನಾದ್ರೂ ತೊಂದ್ರೆ ಆಗುತ್ತಾ?"

ನಾನು ಮುಖ್ಯಸ್ಥರ ಹತ್ತಿರ ಹೋಗಿ ಕೂತು ಮಾತಾಡಿದೆ. ಅವರಿಗೆ ನಿಜವಾಗಿಯೂ ನೋವಾಯಿತು. "ನಾನು ಯಾರಿಗೂ ಬಲವಂತ ಮಾಡಿಲ್ಲ" ಎಂದರು. ಅದು ಸತ್ಯ. ಅವರು ಯಾರ ಇನ್‌ಕ್ರಿಮೆಂಟನ್ನೂ ಕಡಿಮೆ ಮಾಡಿರಲಿಲ್ಲ, ಯಾರ ಓಟಿಯನ್ನೂ ತಪ್ಪಿಸಿರಲಿಲ್ಲ. ಆದರೆ ಕೇಳಲು ಬಂದವರ ಭಯವೂ ಸತ್ಯವೇ. ಎರಡು ಮಕ್ಕಳ ಸ್ಕೂಲ್ ಫೀಸು, ಊರಿನಲ್ಲಿ ಸಾಲ, ಮುಂದಿನ ತಿಂಗಳು ಅಪ್ರೈಸಲ್. ಅಂಥವರು ಸಾಹೇಬರ ಮಾತನ್ನು ಸುಮ್ನೆ ಮಾತು ಅಂತ ಕೇಳಿಸಿಕೊಳ್ಳುವುದು ಹೇಗೆ? ಪಕ್ಕದ ಮೇಜಿನ ಗೆಳೆಯ ಅದೇ ಶಿಬಿರಕ್ಕೆ ಕರೆದಿದ್ದರೆ "ಹೋಗಪ್ಪಾ, ನನಗೆ ಭಾನುವಾರ ತೋಟದ ಕೆಲಸ ಇದೆ" ಅಂದುಬಿಡುತ್ತಿದ್ದರು. ಸಾಹೇಬರು ಕರೆದಾಗ ಆ ಉತ್ತರ ಗಂಟಲಿಂದ ಹೊರಗೆ ಬರಲಿಲ್ಲ.

ಮಾತು ಒಂದೇ ಆದರೂ ಬಂದ ಜಾಗ ಬೇರೆಯಾದರೆ ಅದರ ಭಾರ ಬೇರೆ. ಇದನ್ನು ಮೇಲೆ ಕೂತವರು ಕಾಣುವುದು ಕಷ್ಟ. ಯಾಕೆಂದರೆ ಆ ಭಾರ ಅವರ ತಲೆಯ ಮೇಲೆ ಇರುವುದಿಲ್ಲ.

ಹಾಗಾದರೆ ಮ್ಯಾನೇಜರ್ ಬಾಯಿ ಹೊಲಿದುಕೊಂಡಿರಬೇಕೇ? ಇಲ್ಲ. ನಮ್ಮ ಸಂವಿಧಾನದ 25ನೇ ವಿಧಿ ತನಗೆ ಸರಿ ಕಂಡ ಧರ್ಮವನ್ನು ನಂಬುವ, ಆಚರಿಸುವ, ಅದರ ಬಗ್ಗೆ ಹೇಳುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಎಲ್ಲರಿಗೂ ಎಂದರೆ ಮ್ಯಾನೇಜರಿಗೂ ಉಂಟು, ಅವರ ಕೆಳಗಿನ ಹೆಲ್ಪರಿಗೂ ಉಂಟು. ನೌಕರಿಯಲ್ಲಿ ಧರ್ಮದ ಕಾರಣಕ್ಕೆ ತಾರತಮ್ಯ ಮಾಡಬಾರದು ಎನ್ನುವ 16ನೇ ವಿಧಿ ಮಾತ್ರ ಸರ್ಕಾರಿ ಕೆಲಸಕ್ಕೆ ಸೇರಿದ್ದು. ಕೂರ್ಗಳ್ಳಿಯ ಖಾಸಗಿ ಕಾರ್ಖಾನೆಗೋ ಮದ್ದೂರಿನ ಗಾರ್ಮೆಂಟ್ಸಿಗೋ ಅದು ನೇರವಾಗಿ ಬರುವುದಿಲ್ಲ. ಅಮೆರಿಕದಲ್ಲಿ ಇಂಥ ತಾರತಮ್ಯವನ್ನು ತಡೆಯುವ 1964ರ ನಾಗರಿಕ ಹಕ್ಕುಗಳ ಕಾಯ್ದೆ 15 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಖಾಸಗಿ ಕಂಪನಿಗಳಿಗೂ ಅನ್ವಯಿಸುತ್ತದೆ. 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಭಾನುವಾರ ತನಗೆ ದೇವರ ದಿನ ಎಂದು ಕೆಲಸಕ್ಕೆ ಒಪ್ಪದ ಒಬ್ಬ ಅಂಚೆ ನೌಕರನ ಮೊಕದ್ದಮೆಯಲ್ಲಿ, ನೌಕರನ ನಂಬಿಕೆಗೆ ಅನುಕೂಲ ಮಾಡಿಕೊಡಲು ಆಗುವುದಿಲ್ಲ ಎನ್ನಬೇಕಾದರೆ ಸಂಸ್ಥೆಗೆ ದೊಡ್ಡ ಹೊರೆಯೇ ಬೀಳುವಂತಿರಬೇಕು ಎಂದು ಹೇಳಿತು. ನಮ್ಮಲ್ಲಿ ಖಾಸಗಿ ಕೆಲಸದಲ್ಲಿ ಇದರ ಹೆಚ್ಚಿನ ಪಾಲು ಮ್ಯಾನೇಜರ ಸ್ವಭಾವಕ್ಕೇ ಬಿಟ್ಟ ಹಾಗಿದೆ. ಅದಕ್ಕೇ ಅವರ ನಡತೆಯ ಬಗ್ಗೆ ಇಷ್ಟು ಹೇಳುತ್ತಿದ್ದೇನೆ.

ನಂಬಿಕೆಯನ್ನು ಮುಚ್ಚಿಡದೆ ದೊಡ್ಡ ಆಡಳಿತ ನಡೆಸಿದವರು ನಮ್ಮ ಊರಲ್ಲೇ ಇದ್ದರು. ನಾಲ್ವಡಿ ಕೃಷ್ಣರಾಜ ಒಡೆಯರು ದೈವಭಕ್ತರು. ಕೈಲಾಸ ಮಾನಸ ಸರೋವರದ ಯಾತ್ರೆ ಮಾಡಿದವರು. ಅವರ ಪೂಜೆ, ವ್ರತ ಇಡೀ ಮೈಸೂರಿಗೆ ಗೊತ್ತಿತ್ತು. ಅದೇ ನಾಲ್ವಡಿಯವರ ಕೆಳಗೆ 1926ರಿಂದ ದಿವಾನರಾಗಿದ್ದವರು ಮಿರ್ಜಾ ಇಸ್ಮಾಯಿಲ್. ಮಂಡ್ಯದ ಸಕ್ಕರೆ ಕಾರ್ಖಾನೆ, ಕನ್ನಂಬಾಡಿಯ ಬೃಂದಾವನ ತೋಟ ಅವರ ಕಾಲದವು. 1933ರಲ್ಲಿ ಸಂತ ಫಿಲೋಮಿನಾ ಚರ್ಚಿಗೆ ಅಡಿಗಲ್ಲು ಇಟ್ಟವರೂ ನಾಲ್ವಡಿಯವರೇ. ರಾಜರ ಕಾಲವನ್ನು ಇವತ್ತಿನ ಆಫೀಸಿಗೆ ಹಾಗೇ ತಂದು ಹೊಂದಿಸಲು ಆಗುವುದಿಲ್ಲ, ಗೊತ್ತು. ಆದರೂ ಒಬ್ಬ ಯಜಮಾನನ ಭಕ್ತಿ ಎಲ್ಲರಿಗೂ ಕಾಣುವಂತಿದ್ದು, ಬೇರೆ ಧರ್ಮದವರು ಅವನ ಪಕ್ಕದಲ್ಲೇ ಅತಿ ದೊಡ್ಡ ಹುದ್ದೆಯಲ್ಲಿ ನೆಮ್ಮದಿಯಿಂದ ಕೆಲಸ ಮಾಡಬಹುದು ಎನ್ನುವುದಕ್ಕೆ ನಾವು ದೂರ ಹುಡುಕಬೇಕಾಗಿಲ್ಲ.

ಇನ್ನು ಚಿಕ್ಕ ಜಾಗದಲ್ಲಿ ಕಂಡದ್ದು. ಒಬ್ಬ ಕ್ರೈಸ್ತ ಮೇಲಧಿಕಾರಿಯ ಕೈಕೆಳಗಿನ ಹುಡುಗನ ಮಗು ಆಸ್ಪತ್ರೆಯಲ್ಲಿತ್ತು. ಹುಡುಗ ಮಳವಳ್ಳಿ ಕಡೆಯ ಹಿಂದೂ. ಇವರು ಅವನ ಹತ್ತಿರ ಬಂದು, "ಮಂಗಳವಾರ ದೋರನಹಳ್ಳಿಗೆ ಹೋಗ್ತಾ ಇದ್ದೀನಪ್ಪ. ನಿನ್ನ ಮಗೂಗೂ ಬೇಡ್ಕೊಂಡು ಬರ್ತೀನಿ. ನೀನು ಆಸ್ಪತ್ರೇಲಿರು, ಇಲ್ಲಿ ನಾನು ನೋಡ್ಕೋತೀನಿ" ಎಂದರು. ಕೃಷ್ಣರಾಜನಗರ ತಾಲ್ಲೂಕಿನ ದೋರನಹಳ್ಳಿಯ ಸಂತ ಅಂತೋಣಿಯವರಿಗೆ ಎಲ್ಲ ಜಾತಿ ಧರ್ಮದವರೂ ಹರಕೆ ಹೊರುತ್ತಾರೆ, ನಿಮಗೆ ಗೊತ್ತಿರಬಹುದು. ಹುಡುಗನ ಕಣ್ಣು ತುಂಬಿತು. ಅವರು ತಮ್ಮ ನಂಬಿಕೆಯನ್ನು ಹೇಳಿಕೊಂಡರು ತಾನೇ? ಹೇಳಿಕೊಂಡರು. ಆದರೆ ಅವನಿಂದ ಏನನ್ನೂ ಕೇಳಲಿಲ್ಲ. ನೀನೂ ಬಾ ಎನ್ನಲಿಲ್ಲ, ಮಗು ಹುಷಾರಾದ ಮೇಲೆ ನಮ್ಮ ಪ್ರಾರ್ಥನೆಯಿಂದಲೇ ಆಯಿತು ಅಂತ ನೆನಪಿಸಲೂ ಇಲ್ಲ. ಮುಖ್ಯವಾಗಿ, ರಜೆ ಕೊಟ್ಟರು.

ನನ್ನ ಅಭಿಪ್ರಾಯ ನಿಂತಿರುವುದು ಇಲ್ಲೇ. ಮೇಲಧಿಕಾರಿಯ ನಂಬಿಕೆ ಕೈಕೆಳಗಿನವರ ಬಾಯಿಂದ ಉತ್ತರ ಬಯಸಬಾರದು. ಕುಂಕುಮವೋ, ಟೋಪಿಯೋ, ಶಿಲುಬೆಯೋ, ಮೇಜಿನ ಮೇಲಿನ ಚಿಕ್ಕ ಪಟವೋ ಕಂಡರೆ ಕಾಣಲಿ. ನಾಳೆ ಏಕಾದಶಿ, ನಾನು ಊಟಕ್ಕೆ ಬರಲ್ಲ ಅಂದರೂ ತೊಂದರೆಯಿಲ್ಲ. ಎದುರಿಗಿರುವವರು ಹೂಂ ಅಥವಾ ಊಹೂಂ ಅನ್ನಲೇಬೇಕಾದ ಇಕ್ಕಟ್ಟಿಗೆ ಬಿದ್ದರೋ, ಅಲ್ಲಿಗೆ ನಿಲ್ಲಿಸಬೇಕು.

ನಮ್ಮ ಮೈಸೂರು, ಮಂಡ್ಯ ಕಡೆ ಈ ಇಕ್ಕಟ್ಟು ಬಹಳ ಮೆತ್ತಗೆ ಬರುತ್ತದೆ. ಹೊಸಬರು ಸೇರಿದ ವಾರದಲ್ಲೇ ಸಾಹೇಬರು ಪ್ರೀತಿಯಿಂದ ಕೇಳುತ್ತಾರೆ: "ನಿಮ್ಮ ಮನೆದೇವ್ರು ಯಾವ್ದು?" ಮಲೆ ಮಹದೇಶ್ವರನಿಗೂ, ಬಿಳಿಗಿರಿರಂಗನಿಗೂ, ಮಂಟೇಸ್ವಾಮಿಗೂ ಹಲವು ಜಾತಿಯ ಒಕ್ಕಲಿದ್ದಾರೆ. ಹಾಗಾಗಿ ಪ್ರಶ್ನೆ ಅಲ್ಲಿಗೆ ನಿಲ್ಲುವುದಿಲ್ಲ. ಯಾವ ಊರು ಅಂತ ಬರುತ್ತದೆ. ಆಮೇಲೆ, ಊರಲ್ಲಿ ಯಾವ ಬೀದಿ? ಕೇಳಿದವರಿಗೆ ಇದು ಪರಿಚಯದ ಮಾತು. ಉತ್ತರ ಕೊಡುವವರಲ್ಲಿ ಕೆಲವರಿಗೆ, ಇಷ್ಟು ಓದಿ ಕೆಲಸಕ್ಕೆ ಸೇರಿದ ಮೇಲೂ ಊರಿನ ಆ ಬೀದಿ ಬೆನ್ನು ಬಿಡಲಿಲ್ಲವಲ್ಲ ಎಂಬ ಸಂಕಟ. ದೇವರ ಮಾತು ನಮ್ಮಲ್ಲಿ ಜಾತಿಯ ಮಾತಾಗಲು ಎರಡೇ ಪ್ರಶ್ನೆ ಸಾಕು. ಹೀಗಿರುವಾಗ, ಕೈಯಲ್ಲಿ ಪೆನ್ನು ಇರುವವರು ಆ ಬಾಗಿಲನ್ನು ತೆರೆಯಲೇಬಾರದು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಊಟದ ವಿಷಯಕ್ಕೂ ಇದೇ ಕಷ್ಟ. ಯುಗಾದಿಯ ಮರುದಿನ ಹೊಸತೊಡಕು, ಮಾಂಸದೂಟದ ಹಬ್ಬ. ಮಂಡ್ಯ ಕಡೆಯ ಕಾರ್ಖಾನೆಗಳಲ್ಲಿ ಆ ದಿನ ಹಾಜರಿ ಎಷ್ಟಿರುತ್ತದೆ ಅಂತ ಯಾವ ಟೈಂ ಆಫೀಸಿನವರನ್ನು ಬೇಕಾದರೂ ಕೇಳಿ. ರಜೆ ಕೇಳಲು ಹೋದವರಿಗೆ "ಮಾಂಸ ತಿನ್ನಕ್ಕೂ ರಜೆನಾ?" ಎಂದ ಮ್ಯಾನೇಜರನ್ನು ನಾನು ನೋಡಿದ್ದೇನೆ. ತಾನು ಧರ್ಮದ ಮಾತಾಡಿದೆ ಅಂತ ಅವರಿಗೆ ಹೊಳೆದೇ ಇಲ್ಲ. ಪಿತೃಪಕ್ಷದಲ್ಲಿ ಸತ್ತ ಹಿರಿಯರಿಗೆ ಮಾಂಸದಡುಗೆಯ ಎಡೆ ಇಟ್ಟು ಕೈಮುಗಿಯುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅದು ಅವರ ಭಕ್ತಿ. ತನ್ನ ಅಡುಗೆಮನೆಯ ಮಡಿಯನ್ನು ಕಾರ್ಖಾನೆಯ ಕ್ಯಾಂಟೀನಿಗೆ ತಂದು, ಈ ಮೇಜಿನ ಮೇಲೆ ಮೊಟ್ಟೆ ಡಬ್ಬಿ ತೆಗೆಯಬೇಡಿ ಎನ್ನುವುದು ಬಾಯಿಬಿಟ್ಟು ಪ್ರಚಾರ ಮಾಡುವುದಕ್ಕಿಂತ ಹೆಚ್ಚು ನೋಯಿಸುತ್ತದೆ.

ಮಾಲೆ ಹಾಕಿದವರ ವಿಷಯ ಹೇಳಿದೆ. ಅದು ಕಷ್ಟದ ವ್ರತ, ನನಗೆ ಅದರ ಮೇಲೆ ಗೌರವವಿದೆ. ಮಾಲೆ ಹಾಕಿದ ಸೂಪರ್‌ವೈಸರನ್ನು ಹುಡುಗರು "ಸ್ವಾಮಿ" ಎಂದು ಕರೆದರೆ, ಅವರು ತಣ್ಣೀರು ಸ್ನಾನ ಮಾಡಿ ಬಂದು ಎಂದಿನಂತೆ ಕೆಲಸ ನೋಡಿದರೆ, ಯಾರಿಗೂ ಏನೂ ಆಗುವುದಿಲ್ಲ. ಆದರೆ ಹೆಣ್ಣುಮಕ್ಕಳೇ ಜಾಸ್ತಿ ಇರುವ ಹೊಲಿಗೆ ಲೈನಿನಲ್ಲಿ ನಿಂತು, "ಮುಟ್ಟಾದವರು ನನ್ನ ಹತ್ತಿರ ಬರಬೇಡಿ" ಎಂದರೆ? ಅವರ ಹತ್ತಿರ ಹೋಗದೆ ದೂರ ನಿಂತರೆ, ಒಬ್ಬಳು ಹುಡುಗಿ ತನ್ನ ದೇಹದ ಗುಟ್ಟನ್ನು ಇಡೀ ಲೈನಿಗೆ ಹೇಳಿದ ಹಾಗಾಯಿತು. ಬಟ್ಟೆ ಚೆಕ್ ಮಾಡಿಸಲು ಹೋಗದಿದ್ದರೆ ಅವಳ ಪೀಸಿನ ಲೆಕ್ಕ ಕಡಿಮೆಯಾಗುತ್ತದೆ, ಹೋದರೆ ಪಾಪದ ಭಯ. ವ್ರತ ಹಿಡಿದವರು ಅವರು. ಅದರ ಕಷ್ಟ ಅವಳಿಗೆ ಯಾಕೆ? ಅಷ್ಟು ಕಟ್ಟುನಿಟ್ಟಾಗಿ ಇರಬೇಕೆಂದರೆ ಸೂಪರ್‌ವೈಸರೇ ಬೇರೆ ವಿಭಾಗ ಕೇಳಿಕೊಳ್ಳಲಿ, ಇಲ್ಲವೇ ರಜೆ ಹಾಕಲಿ.

ದೇವರನ್ನು ನಂಬದ ಮ್ಯಾನೇಜರುಗಳಿಗೂ ಒಂದು ಮಾತು. "ಈ ಕಾಲದಲ್ಲೂ ವಿಭೂತಿ ಹಚ್ಚಿಕೊಂಡು ಬರ್ತೀಯಲ್ಲಯ್ಯಾ" ಎಂದು ಹತ್ತು ಜನರ ಮುಂದೆ ನಗುವುದೂ ತನ್ನ ನಂಬಿಕೆಯನ್ನು ಹೇರುವುದೇ. ನಗದೆ ಬೇರೆ ದಾರಿ ಇಲ್ಲದೆ ಆ ಹತ್ತು ಜನ ನಗುತ್ತಾರೆ.

ಆಯುಧಪೂಜೆಯ ಬಗ್ಗೆ ಕೇಳುವವರಿದ್ದಾರೆ. ಅದನ್ನೂ ಬಿಡಬೇಕಾ? ಬೇಡ. ಮೈಸೂರಿನ ವರ್ಕ್‌ಶಾಪಿನಲ್ಲಿ ಆ ದಿನ ಲೇಥ್ ತೊಳೆದು ಹೂವು ಇಡುವವರಲ್ಲಿ ಮುಸ್ಲಿಂ ಟರ್ನರುಗಳೂ ಇರುತ್ತಾರೆ. ವರ್ಷವೆಲ್ಲ ಅನ್ನ ಕೊಟ್ಟ ಮಿಷನ್ನಿನ ಮೇಲಿನ ಪ್ರೀತಿ ಅದು. ಬೂದುಗುಂಬಳಕಾಯಿ ಒಡೆಯುವುದು, ಕಡ್ಲೆಪುರಿ, ಸ್ವೀಟು ಎಲ್ಲ ಇರಲಿ. ಮ್ಯಾನೇಜರ್ ಎರಡು ವಿಷಯ ನೋಡಿಕೊಂಡರೆ ಸಾಕು. ಚಂದಾ ಪಟ್ಟಿ ತನ್ನ ಕೈಯಲ್ಲಿ ಇರಬಾರದು. ಮಂಗಳಾರತಿಗೆ ಯಾರು ಬಂದರು, ಯಾರು ಹಿಂದೆ ನಿಂತರು ಅಂತ ಕಣ್ಣು ಓಡಿಸಬಾರದು. ಜನರಿಗೆ ಆ ಕಣ್ಣು ಗೊತ್ತಾಗುತ್ತದೆ.

ಇಂಥ ಇಕ್ಕಟ್ಟಿನಲ್ಲಿ ಸಿಕ್ಕಿದ ಕೆಲಸಗಾರರು ಏನು ಮಾಡಬೇಕು? ಜಗಳಕ್ಕೆ ಹೋಗಬೇಕಾಗಿಲ್ಲ. "ಸಾರ್, ನಮ್ಮನೇಲಿ ಬೇರೆ ಪದ್ಧತಿ" ಎಂದು ನಗುಮುಖದಲ್ಲಿ ಹೇಳಿದರೆ ಅರ್ಥಮಾಡಿಕೊಳ್ಳುವ ಮೇಲಧಿಕಾರಿಗಳೇ ಜಾಸ್ತಿ. ಅರ್ಥವಾಗದವರ ಕೆಳಗೆ ಇದ್ದರೆ ಒಬ್ಬರೇ ನುಂಗಿಕೊಂಡು ಕೂರಬೇಡಿ, ಪರ್ಸನಲ್ ವಿಭಾಗಕ್ಕೆ ಹೋಗಿ. ಅಲ್ಲಿ ಕೂತವರು ದಯವಿಟ್ಟು "ಇದೆಲ್ಲ ಚಿಕ್ಕ ವಿಷಯ ಕಣಪ್ಪ" ಎಂದು ಕಳಿಸಬೇಡಿ. ಬಂದವರು ಅದನ್ನು ಹೇಳಲು ಎಷ್ಟು ದಿನ ಯೋಚಿಸಿರುತ್ತಾರೋ.

ಕೊನೆಗೆ ರಜೆ ಪಟ್ಟಿ. ನಮ್ಮ ರಾಜ್ಯದಲ್ಲಿ ಕೈಗಾರಿಕೆಗಳ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳಿಗೆ 1963ರ ಕಾಯ್ದೆ ಇದೆ. ಗಣರಾಜ್ಯೋತ್ಸವ, ಸ್ವಾತಂತ್ರ್ಯ ದಿನದಂಥವು ಅದರಲ್ಲೇ ಗೊತ್ತಾಗಿವೆ. ಹಬ್ಬದ ರಜೆಗಳನ್ನು ಮಾತ್ರ ಆಡಳಿತದವರನ್ನೂ ಕೆಲಸಗಾರರನ್ನೂ ಕೇಳಿ ಗೊತ್ತುಮಾಡಬೇಕು. ಆದರೆ ಎಷ್ಟೋ ಕಡೆ ಹೋದ ವರ್ಷದ ಪಟ್ಟಿಗೇ ಹೊಸ ತಾರೀಖು ಹಾಕಿ ಗೋಡೆಗೆ ಅಂಟಿಸುತ್ತಾರೆ. ಮ್ಯಾನೇಜರ್ ತನ್ನ ಹಬ್ಬಗಳ ಜೊತೆಗೆ ಬಕ್ರೀದ್, ಗುಡ್ ಫ್ರೈಡೇ, ಮಹಾಲಯ ಅಮಾವಾಸ್ಯೆ, ಹೊಸತೊಡಕಿನ ಬಗ್ಗೆಯೂ ಒಮ್ಮೆ ಎಲ್ಲರನ್ನೂ ಕೂರಿಸಿಕೊಂಡು ಕೇಳಲಿ. ಎಲ್ಲಕ್ಕೂ ರಜೆ ಕೊಡಲು ಯಾರಿಂದಲೂ ಆಗುವುದಿಲ್ಲ. ಪಟ್ಟಿಗೆ ಸೇರದ ಹಬ್ಬಕ್ಕೆ, ಊರ ಮಾರಿಹಬ್ಬಕ್ಕೆ, ಸಿಎಲ್ ಚೀಟಿ ಬರುತ್ತದೆ. ಅದರಲ್ಲಿ "ಮನೆಯಲ್ಲಿ ಹಬ್ಬ" ಎಂದು ಬರೆದಿದ್ದರೆ ಅಷ್ಟು ಕಾರಣ ಸಾಕು. ಯಾವ ಹಬ್ಬ, ಯಾವ ದೇವರು ಎಂದು ಕೇಳದೆ ಸಹಿ ಹಾಕಿ.

ನಮಸ್ಕಾರ.