ಹೆಸರಿಲ್ಲದ ಚುಕ್ಕಿಯೂ ಮನೆ ತೋರಿಸುತ್ತದೆ: ಆರೋಗ್ಯದ ನಕ್ಷೆ ಮತ್ತು ರೋಗಿಯ ಗುಟ್ಟು

[ತೆರೆಯ ಮೇಲೆ: ಒಂದು ನಗರದ ನಕ್ಷೆ. ರಸ್ತೆಗಳಿಗೆ ಹೆಸರಿಲ್ಲ. ಅಲ್ಲಲ್ಲಿ ಕೆಂಪು ಚುಕ್ಕಿಗಳು.]

ನಮಸ್ಕಾರ. ಈ ನಕ್ಷೆ ನೋಡಿ. ಒಂದೊಂದು ಚುಕ್ಕಿಯೂ ಒಬ್ಬೊಬ್ಬ ರೋಗಿಯ ಮನೆ. ಹೆಸರಿಲ್ಲ, ವಯಸ್ಸಿಲ್ಲ, ಅಡ್ರೆಸ್ ಇಲ್ಲ. ಇದರಿಂದ ಯಾರಿಗೆ ಏನು ಗೊತ್ತಾಗಬೇಕು ಅನ್ನಿಸುತ್ತದೆ, ಅಲ್ವಾ?

2006ರಲ್ಲಿ ಅಮೆರಿಕದ ಸಂಶೋಧಕರು ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಬಾಸ್ಟನ್ ನಗರದ 550 ಅಡ್ರೆಸ್‌ಗಳನ್ನು ಆರಿಸಿ, ವೈದ್ಯಕೀಯ ಪತ್ರಿಕೆಗಳಲ್ಲಿ ಅಚ್ಚಾಗುವಂಥದ್ದೇ ಚುಕ್ಕಿ ನಕ್ಷೆ ತಯಾರಿಸಿದರು. ಆಮೇಲೆ ಬರೀ ಆ ಚಿತ್ರ ಇಟ್ಟುಕೊಂಡು ಅಡ್ರೆಸ್ ಹುಡುಕಲು ಕೂತರು. 432 ಅಡ್ರೆಸ್ ಕರಾರುವಾಕ್ಕಾಗಿ ಸಿಕ್ಕವು. ಅಂದರೆ ನೂರಕ್ಕೆ 79.

[ತೆರೆಯ ಮೇಲೆ: ಚಿತ್ರ ನಿಧಾನವಾಗಿ ತಿರುಗಿ, ಉಪಗ್ರಹ ನಕ್ಷೆಯ ಮೇಲೆ ಕೂರುತ್ತದೆ.]

ಇದಕ್ಕೆ ದೊಡ್ಡ ವಿದ್ಯೆ ಏನೂ ಬೇಡ. ನಗರದ ಗಡಿ, ನದಿಯ ತಿರುವು, ಇಂಥ ನಾಲ್ಕಾರು ಗುರುತು ಹಿಡಿದು ಚಿತ್ರವನ್ನು ನಿಜವಾದ ನಕ್ಷೆಯ ಮೇಲೆ ಕೂರಿಸಬೇಕು. ಚುಕ್ಕಿಯ ನಡುಮಧ್ಯದ ಪಿಕ್ಸೆಲ್ ಹುಡುಕಿ, ಅದರ ಅಕ್ಷಾಂಶ ರೇಖಾಂಶ ತೆಗೆಯಬೇಕು. ಆ ಜಾಗದಲ್ಲಿ ಯಾವ ಕಟ್ಟಡ ಇದೆ ಅಂತ ನೋಡಬೇಕು. ಮುಗೀತು.

ಹಾಗಾದರೆ ಆರೋಗ್ಯದ ಡೇಟಾದಿಂದ ಜಾಗವನ್ನೇ ಕಿತ್ತುಹಾಕಿದರೆ ಆಯ್ತಲ್ಲ ಅಂತ ಕೇಳಬಹುದು. ಆದರೆ ಎಷ್ಟೋ ರೋಗಗಳ ಮೂಲ ಸಿಗುವುದೇ ಜಾಗದಲ್ಲಿ. 1854ರಲ್ಲಿ ಲಂಡನ್‌ನ ಸೋಹೋದಲ್ಲಿ ಕಾಲರಾ ಬಂದಾಗ, ಜಾನ್ ಸ್ನೋ ಎಂಬ ವೈದ್ಯರು ಯಾವ ಮನೆಯಲ್ಲಿ ಎಷ್ಟು ಸಾವು ಅಂತ ಲೆಕ್ಕ ಹಿಡಿದು ನಕ್ಷೆಯಲ್ಲಿ ಗೆರೆ ಹಾಕಿದರು. ಗೆರೆಗಳು ಬ್ರಾಡ್ ಸ್ಟ್ರೀಟ್‌ನ ನೀರಿನ ಪಂಪ್ ಸುತ್ತ ಗುಂಪಾಗಿದ್ದವು. ಮನೆಮನೆಯ ಲೆಕ್ಕ ಇಲ್ಲದಿದ್ದರೆ ಅದು ಕಾಣುತ್ತಲೇ ಇರಲಿಲ್ಲ. ಇವತ್ತು ಆ ಥರದ ನಕ್ಷೆಯನ್ನು ಹಾಗೇ ಪ್ರಕಟಿಸಲು ಯಾವ ನೈತಿಕ ಸಮಿತಿಯೂ ಸುಲಭವಾಗಿ ಒಪ್ಪುವುದಿಲ್ಲ. ಒಪ್ಪಬಾರದು ಕೂಡ.

ಈ ಇಕ್ಕಟ್ಟನ್ನು ಬಿಡಿಸಲೆಂದೇ ಈಗ ಬೇರೆಯೇ ಸಂಶೋಧನಾ ಹುದ್ದೆಗಳಿವೆ. ಖಾಸಗಿತನ ಕಾಪಾಡಿಕೊಂಡು ಆರೋಗ್ಯದ ಡೇಟಾವನ್ನು ಜಾಗದ ಪ್ರಕಾರ ವಿಶ್ಲೇಷಣೆ ಮಾಡುವುದು ಅವರ ಕೆಲಸ. ದಿನವಿಡೀ ಏನು ಮಾಡುತ್ತಾರೆ ಅಂತ ನೋಡೋಣ.

[ತೆರೆಯ ಮೇಲೆ: ಒಂದೇ ಚುಕ್ಕಿ. ಸುತ್ತ ಚಿಕ್ಕ ವೃತ್ತ, ಅದರ ಹೊರಗೆ ದೊಡ್ಡ ವೃತ್ತ.]

ಮೊದಲ ಉಪಾಯ, ಚುಕ್ಕಿಯನ್ನು ಬೇಕೆಂದೇ ಆಚೀಚೆ ಸರಿಸುವುದು. ಇದಕ್ಕೆ ಜಿಯೋಮಾಸ್ಕಿಂಗ್ ಅನ್ನುತ್ತಾರೆ. ಸುಮ್ನೆ ಸರಿಸಿದರೆ ಕೆಲವು ಚುಕ್ಕಿ ಮೂಲ ಮನೆಯ ಪಕ್ಕದಲ್ಲೇ ಬಿದ್ದುಬಿಡುತ್ತವೆ. ಅದಕ್ಕೇ ಎರಡು ವೃತ್ತ. ಚಿಕ್ಕ ವೃತ್ತದ ಒಳಗೆ ಬೀಳಬಾರದು, ದೊಡ್ಡದನ್ನು ದಾಟಬಾರದು.

ಎಷ್ಟು ಮೀಟರ್ ಸರಿಸಿದರೆ ಸಾಕು? ನನ್ನ ಪ್ರಕಾರ ಮೀಟರ್ ಲೆಕ್ಕ ಹಾಕಿದಲ್ಲೇ ದಾರಿ ತಪ್ಪುತ್ತದೆ. ಒತ್ತೊತ್ತಾಗಿ ಅಪಾರ್ಟ್‌ಮೆಂಟ್ ಇರುವ ಕಡೆ ನೂರು ಮೀಟರ್ ಒಳಗೆ ಸಾವಿರ ಮನೆ ಇರಬಹುದು. ಹೊಲಗಳ ನಡುವೆ ಅದೇ ನೂರು ಮೀಟರ್‌ನಲ್ಲಿ ಇರುವುದು ಒಂದೇ ಮನೆ. ಕೇಳಬೇಕಾದ್ದು ಇಷ್ಟು: ಈ ಚುಕ್ಕಿ ಎಷ್ಟು ಮನೆಗಳದ್ದಾಗಿರಬಹುದು? ಇದೇ ಕೆ-ಅನಾನಿಮಿಟಿಯ ತಿರುಳು. ನೀವು ಕನಿಷ್ಠ ಕೆ ಜನರ (ಕೆ ಅಂದರೆ ಮೊದಲೇ ಆರಿಸಿಕೊಂಡ ಒಂದು ಸಂಖ್ಯೆ) ಗುಂಪಿನಲ್ಲಿ ಒಬ್ಬರಾಗಿ ಕಾಣಬೇಕು, ಅದಕ್ಕಿಂತ ಹತ್ತಿರಕ್ಕೆ ಯಾರಿಗೂ ಬರಲು ಆಗಬಾರದು.

ಇಲ್ಲೊಂದು ಅಪಾಯ ಇದೆ, ಇದನ್ನು ಗಮನ ಕೊಟ್ಟು ನೋಡಿ. ಪ್ರತಿ ವಾರ ಹೊಸ ನಕ್ಷೆ ಬಿಡುತ್ತೀರಿ ಅಂದುಕೊಳ್ಳಿ. ಪ್ರತಿ ಸಲವೂ ಸಾಫ್ಟ್‌ವೇರ್ ಅದೇ ರೋಗಿಯ ಚುಕ್ಕಿಯನ್ನು ಬೇರೆ ಬೇರೆ ದಿಕ್ಕಿಗೆ ಸರಿಸುತ್ತದೆ. ಜಾಸ್ತಿ ಬದಲಾವಣೆ, ಜಾಸ್ತಿ ರಕ್ಷಣೆ ಅಂತ ಅನ್ನಿಸುತ್ತದೆ. ಆದರೆ ಯಾರಾದರೂ ಎಲ್ಲ ವಾರಗಳ ಚುಕ್ಕಿಗಳ ಸರಾಸರಿ ತೆಗೆದರೆ?

[ತೆರೆಯ ಮೇಲೆ: ಒಂದೇ ಮನೆಯ ಸುತ್ತ ಚುಕ್ಕಿಗಳು ಒಂದೊಂದಾಗಿ ಬೀಳುತ್ತವೆ. ಸರಾಸರಿಯ ಗುರುತು ಮನೆಯ ಕಡೆ ಜಾರುತ್ತದೆ.]

ಪೂರ್ವಕ್ಕೆ ಸರಿದದ್ದು ಪಶ್ಚಿಮಕ್ಕೆ ಸರಿದದ್ದರ ಜೊತೆ ವಜಾ ಆಗುತ್ತದೆ. ಸರಾಸರಿ ಮನೆಯ ಬಾಗಿಲಿಗೇ ಬಂದು ನಿಲ್ಲುತ್ತದೆ. ಹಾಗಾಗಿ ಒಮ್ಮೆ ಸರಿಸಿದ ಜಾಗವನ್ನೇ ಕೊನೆವರೆಗೂ ಉಳಿಸಿಕೊಳ್ಳಬೇಕು.

ಇನ್ನೊಂದು ತೊಂದರೆ ಸಂಶೋಧನೆಯ ಕಡೆಯಿಂದ ಬರುತ್ತದೆ. ಹೆದ್ದಾರಿಯ ಹೊಗೆಗೂ ಮಕ್ಕಳ ಅಸ್ತಮಾಗೂ ಸಂಬಂಧ ಇದೆಯಾ ಅಂತ ನೋಡಬೇಕು. ಹೊಗೆಯ ಪರಿಣಾಮ ರಸ್ತೆಗೆ ತೀರಾ ಹತ್ತಿರ ಜಾಸ್ತಿ, ದೂರ ಹೋದಂತೆ ಕಡಿಮೆ. ಚುಕ್ಕಿಯನ್ನು ಮುನ್ನೂರು ಮೀಟರ್ ಸರಿಸಿದಿರಿ. ರಸ್ತೆ ಪಕ್ಕದ ಮಗು ಒಳಗಿನ ಬಡಾವಣೆಗೆ ಹೋಯಿತು, ಅಲ್ಲಿನ ಮಗು ರಸ್ತೆ ಪಕ್ಕಕ್ಕೆ ಬಂತು. ಇದ್ದ ಸಂಬಂಧವೂ ಅಳಿಸಿಹೋಗುತ್ತದೆ.

ಸರಿ, ಭದ್ರವಾದ ಕಂಪ್ಯೂಟರ್‌ನಲ್ಲಿ ಮನೆಯಿಂದ ಹೆದ್ದಾರಿಗೆ ಎಷ್ಟು ದೂರ ಅಂತ ಮೊದಲೇ ಲೆಕ್ಕ ಹಾಕಿ, ಆ ದೂರವನ್ನು ಮಾತ್ರ ಹೊರಗೆ ಕೊಡೋಣ. ಜಾಣತನದ ದಾರಿಯೇ. ಆದರೆ ಅದರ ಜೊತೆಗೆ ಆಸ್ಪತ್ರೆಗೆ ಎಷ್ಟು ದೂರ, ಶಾಲೆಗೆ ಎಷ್ಟು ದೂರ ಅಂತಲೂ ಕೊಟ್ಟಿರಿ ಅಂದುಕೊಳ್ಳಿ. ಗೊತ್ತಿರುವ ಮೂರು ಜಾಗಗಳಿಂದ ನಿಖರ ದೂರ ಸಿಕ್ಕರೆ ಮನೆ ಎಲ್ಲಿದೆ ಅಂತ ಗೆರೆ ಎಳೆದು ತೋರಿಸಬಹುದು. ಒಂದೊಂದೇ ನೋಡಿದರೆ ನಿರಪಾಯಕಾರಿ ಅಂಕಿ, ಕೂಡಿಸಿದರೆ ಅಡ್ರೆಸ್.

ಈ ಕೂಡಿಸುವ ಅಪಾಯವನ್ನು ಅಮೆರಿಕದ ಸಂಶೋಧಕಿ ಲಟಾನ್ಯಾ ಸ್ವೀನಿ 2000ದಲ್ಲೇ ತೋರಿಸಿದ್ದರು. ಅಮೆರಿಕದ 1990ರ ಜನಗಣತಿಯ ಆಧಾರದ ಮೇಲೆ ಅವರು ಹಾಕಿದ ಲೆಕ್ಕ ಇದು: ಐದಂಕಿಯ ಪಿನ್‌ಕೋಡ್, ಹುಟ್ಟಿದ ದಿನಾಂಕ (ವರ್ಷ ಸಮೇತ), ಹೆಣ್ಣೋ ಗಂಡೋ, ಈ ಮೂರೇ ಗೊತ್ತಿದ್ದರೆ ಅಲ್ಲಿನ ನೂರಕ್ಕೆ 87 ಜನ ಒಂಟಿಯಾಗಿ ಸಿಕ್ಕಿಬೀಳುವ ಸಾಧ್ಯತೆ ಇದೆ. ರೋಗಿಗಳ ಮಾಹಿತಿ ಕಾಯುವ ಅಲ್ಲಿನ ಹಿಪಾ ಕಾನೂನಿನ ಒಂದು ನಿಯಮದಂತೆ ಈ ಕೋಡ್‌ನ ಮೊದಲ ಮೂರು ಅಂಕಿ ಮಾತ್ರ ಉಳಿಸಬಹುದು. ಅದೂ ಆ ಪ್ರದೇಶದಲ್ಲಿ 20,000ಕ್ಕಿಂತ ಜಾಸ್ತಿ ಜನ ಇದ್ದರೆ.

[ತೆರೆಯ ಮೇಲೆ: ಎರಡು ಊರು. ಒಂದರಲ್ಲಿ 300 ರೋಗಿಗಳು, ಇನ್ನೊಂದರಲ್ಲಿ 3.]

ಈಗ ಹೆಚ್ಚು ಮಾತಿನಲ್ಲಿರುವುದು ಡಿಫರೆನ್ಷಿಯಲ್ ಪ್ರೈವಸಿ. 2006ರಲ್ಲಿ ಕಂಪ್ಯೂಟರ್ ವಿಜ್ಞಾನಿ ಸಿಂಥಿಯಾ ಡ್ವರ್ಕ್ ಮತ್ತು ಜೊತೆಗಾರರು ಇದಕ್ಕೆ ಗಣಿತದ ಅಡಿಪಾಯ ಹಾಕಿದರು. ಲೆಕ್ಕಕ್ಕೆ ಅಳೆದು ತೂಗಿದ ಗದ್ದಲ, ಅಂದರೆ ಬೇಕೆಂದೇ ಮಾಡಿದ ಗೊತ್ತುಗುರಿಯಿಲ್ಲದ ಹೆಚ್ಚುಕಡಿಮೆ, ಸೇರಿಸುತ್ತಾರೆ. ಡೇಟಾದಲ್ಲಿ ನೀವು ಇದ್ದರೂ ಇಲ್ಲದಿದ್ದರೂ ಹೊರಬರುವ ಉತ್ತರ ಹೆಚ್ಚುಕಡಿಮೆ ಒಂದೇ ಥರ ಇರಬೇಕು. ಎಷ್ಟು ಗದ್ದಲ ಅನ್ನುವುದನ್ನು ಎಪ್ಸಿಲಾನ್ ಎಂಬ ಅಂಕಿ ತೀರ್ಮಾನಿಸುತ್ತದೆ. ಎಪ್ಸಿಲಾನ್ ಚಿಕ್ಕದಾದಷ್ಟೂ ಗದ್ದಲ ಜಾಸ್ತಿ, ರಕ್ಷಣೆಯೂ ಜಾಸ್ತಿ. ಅಮೆರಿಕ 2020ರ ಜನಗಣತಿಯ ಅಂಕಿಅಂಶಕ್ಕೆ ಇದನ್ನೇ ಬಳಸಿತು.

ಆದರೆ ಈ ಎರಡು ಊರುಗಳನ್ನು ನೋಡಿ. 300ಕ್ಕೆ ನಾಲ್ಕು ಕೂಡಿದರೂ ಕಳೆದರೂ ದೊಡ್ಡ ವ್ಯತ್ಯಾಸ ಇಲ್ಲ. 3ಕ್ಕೆ ನಾಲ್ಕು ಕೂಡಿದರೆ ಏಳು, ಕಳೆದರೆ ಸೊನ್ನೆಗೂ ಕೆಳಗೆ. ಸಣ್ಣ ಊರಿನಲ್ಲಿ ನಿಜವಾಗಿಯೂ ರೋಗ ಹೆಚ್ಚಾಗಿದ್ದರೂ ನಕ್ಷೆಯಲ್ಲಿ ಅದು ಕಾಣದೆ ಹೋಗಬಹುದು. ನನಗೆ ಈ ಇಡೀ ವಿಷಯದಲ್ಲಿ ಜಾಸ್ತಿ ಕಾಡುವುದು ಇದೇ. ಗುಟ್ಟು ಕಾಯುವ ಖರ್ಚು ಎಲ್ಲರ ಮೇಲೂ ಸಮವಾಗಿ ಬೀಳುವುದಿಲ್ಲ. ಜನ ಕಡಿಮೆ ಇರುವ ಊರು, ಅಪರೂಪದ ಕಾಯಿಲೆ ಇರುವವರು, ಸಣ್ಣ ಸಮುದಾಯಗಳು, ಇವರಿಗೇ ಹೆಚ್ಚು ರಕ್ಷಣೆ ಬೇಕು. ನಕ್ಷೆಯಿಂದ ಮೊದಲು ಮರೆಯಾಗುವವರೂ ಇವರೇ.

ಡೇಟಾ ಹೊರಗೆ ಹೋಗದಂತೆ ಕೆಲಸ ಮಾಡುವ ದಾರಿಯೂ ಇದೆ. ಡೇಟಾಶೀಲ್ಡ್‌ನಂಥ ಸಾಫ್ಟ್‌ವೇರ್‌ನಲ್ಲಿ ಲೆಕ್ಕದ ಆದೇಶವೇ ಡೇಟಾ ಇರುವಲ್ಲಿಗೆ ಹೋಗುತ್ತದೆ, ಒಟ್ಟು ಫಲಿತಾಂಶ ಮಾತ್ರ ವಾಪಸ್ ಬರುತ್ತದೆ. ಆದರೆ ಹೊರಬರುವ ಪಟ್ಟಿಯಲ್ಲಿ "ಈ ಪ್ರದೇಶದಲ್ಲಿ 1" ಅಂತ ಇದ್ದರೆ ಮತ್ತೆ ಅದೇ ಕಥೆ. ಆದ್ದರಿಂದ ತೀರಾ ಚಿಕ್ಕ ಸಂಖ್ಯೆಗಳನ್ನು ಮುಚ್ಚಿಯೇ ಕೊಡುತ್ತಾರೆ.

ಈ ಹುದ್ದೆಗೆ ಅರ್ಜಿ ಹಾಕಬೇಕು ಅಂತಿದ್ದೀರಾ? ಅಂಕಿಅಂಶ ಶಾಸ್ತ್ರ, ಜಿಐಎಸ್ (ಕಂಪ್ಯೂಟರ್‌ನಲ್ಲಿ ನಕ್ಷೆ ಮತ್ತು ಜಾಗದ ಡೇಟಾ ನಿಭಾಯಿಸುವ ವಿದ್ಯೆ), ಪ್ರೋಗ್ರಾಮಿಂಗ್, ರೋಗ ಹರಡುವ ಬಗೆಯ ತಿಳಿವಳಿಕೆ ಬೇಕು. ನಾಲ್ಕರಲ್ಲೂ ಪಳಗಿದವರು ಸಿಗುವುದು ಕಷ್ಟ, ಎರಡರಲ್ಲಿ ಗಟ್ಟಿ ಇದ್ದು ಉಳಿದದ್ದನ್ನು ಕಲಿಯುವವರಿಗೂ ಜಾಗ ಇದೆ. ಇಂಟರ್‌ವ್ಯೂನಲ್ಲಿ ನೀವೂ ಒಂದು ಪ್ರಶ್ನೆ ಕೇಳಿ: ನಾವು ತಯಾರಿಸಿದ ನಕ್ಷೆಯನ್ನು ಪ್ರಕಟಿಸುವ ಮುಂಚೆ ನಾವೇ ಒಡೆದು ನೋಡಲು ಸಮಯ, ಅನುಮತಿ ಎರಡೂ ಇದೆಯಾ? ಬಾಸ್ಟನ್ ನಕ್ಷೆಯ ಮೇಲೆ ನಡೆದದ್ದನ್ನು ನಿಮ್ಮ ನಕ್ಷೆಯ ಮೇಲೂ ನಡೆಸಿ, ಎಷ್ಟು ಮನೆ ಸಿಗುತ್ತವೆ ಅಂತ ಎಣಿಸಬೇಕು. ಅದೇ ನಕ್ಷೆಯಲ್ಲಿ ರೋಗದ ಗುಂಪು ಇನ್ನೂ ಕಾಣುತ್ತಿದೆಯಾ ಅಂತಲೂ ನೋಡಬೇಕು. ಈ ಎರಡೂ ಅಂಕಿಗಳನ್ನು ಅಳೆದು ವರದಿಯಲ್ಲಿ ಅಕ್ಕಪಕ್ಕ ಬರೆಯಲು ಬಿಡುವ ತಂಡ ಸಿಕ್ಕರೆ ಸೇರಿಕೊಳ್ಳಿ.